ದಾರಿ ಬಿಡಿಸಿದ ವೀರ

ಮಕ್ಕಳೇ, ಮಳೆಗಾಲದಲ್ಲಿ ದೊಡ್ಮನೆ ಘಟ್ಟದ ರಸ್ತೆಗೆ ಮರ ಬಿದ್ದರೆ ಏನಾಗುತ್ತದೆ? ಸಿದ್ದಾಪುರದಿಂದ ಕುಮಟಾಕ್ಕೆ ಹೊರಟ ಬಸ್ಸು ಅಲ್ಲೇ ನಿಲ್ಲುತ್ತದೆ. ಯಾರಾದರೂ ಮರ ಕಡಿದು ಸರಿಸಿದ ಮೇಲೆಯೇ ಮುಂದಿನ ಪಯಣ. ಯುದ್ಧದಲ್ಲೂ ಹಾಗೆಯೇ. ನೆಪೋಲಿಯನ್ನನಂಥ ದಂಡನಾಯಕನಿದ್ದರೂ ದಾರಿಯಿಲ್ಲದೆ ಸೈನ್ಯ ಮುಂದೆ ಹೋಗದು.

ಹಾಗೆ ದಾರಿ ಬಿಡಿಸಿದವರು ನಮ್ಮ ಜಿಲ್ಲೆಯವರೇ ಆದ ರಾಮ ರಾಘೋಬಾ ರಾಣೆ. ಕಾರವಾರದ ಬಳಿಯ ಚೆಂಡಿಯಾ ಅವರ ಊರು. ತಂದೆ ಪೊಲೀಸ್ ಪೇದೆ. 1940ರಲ್ಲಿ ಸೇನೆ ಸೇರಿದ ರಾಣೆ ಮುಂದೆ ಅಧಿಕಾರಿಯಾದರು.

1948ರ ಏಪ್ರಿಲ್. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ನಮ್ಮ ಟ್ಯಾಂಕುಗಳು ನೌಶೇರಾದಿಂದ ರಜೌರಿಗೆ ಹೋಗಬೇಕಿತ್ತು. ಶತ್ರುಗಳು ರಸ್ತೆಯಲ್ಲಿ ನೆಲಬಾಂಬು ಹುಗಿದು, ಮರಗಳನ್ನು ಅಡ್ಡ ಕೆಡವಿದ್ದರು. 8ನೇ ತಾರೀಖು ರಾಣೆಯವರ ತಂಡ ಕೆಲಸ ಶುರುಮಾಡುತ್ತಿದ್ದಂತೆ ಶತ್ರುಗಳ ದಾಳಿಯಾಯಿತು. ಇಬ್ಬರು ಸಂಗಾತಿಗಳು ಮಡಿದರು. ಗಾಯಗೊಂಡ ಐವರಲ್ಲಿ ರಾಣೆಯೂ ಒಬ್ಬರು. ಆದರೂ ಅವರು ಹಿಂದೆ ಸರಿಯಲಿಲ್ಲ. ಗುಂಡು ಹಾರುತ್ತಿದ್ದಾಗಲೇ ಟ್ಯಾಂಕಿನಡಿ ತೆವಳುತ್ತಾ ಬಾಂಬು ತೆಗೆದರು, ಮರ ಸರಿಸಿದರು. 12ರಂದು ಸೇನೆ ರಜೌರಿ ತಲುಪಿತು. ಅಲ್ಲಿ ಸಾವಿನ ಬಾಯಲ್ಲಿದ್ದ ಎಷ್ಟೋ ಜನ ಉಳಿದುಕೊಂಡರು.

ಈ ಸಾಹಸಕ್ಕೆ ಸಂದದ್ದು ಪರಮವೀರ ಚಕ್ರ, ನಮ್ಮ ದೇಶದ ಅತ್ಯುನ್ನತ ಶೌರ್ಯ ಪದಕ. ಅಜ್ಜ-ಅಜ್ಜಿಯರೇ, ಕಾರವಾರದ ಕಡಲತೀರಕ್ಕೆ ಹೋದಾಗ ಮೊಮ್ಮಕ್ಕಳಿಗೆ ರಾಣೆಯವರ ಪ್ರತಿಮೆ ತೋರಿಸಿ. ಎಲ್ಲರಿಗಿಂತ ಮುಂದೆ ಹೋಗಿ ಉಳಿದವರಿಗೆ ದಾರಿ ಮಾಡಿಕೊಡುವವನೂ ನಾಯಕನೇ ಎಂದು ಹೇಳಿ.