ಹಠವೂ ಅಲ್ಲ, ಸಂಶಯವೂ ಅಲ್ಲ

ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ವರ್ಷದ ಅನ್ನವೇ ಕೊಳೆತು ಉದುರಬಹುದು. ಮಳೆಯೇ ಇದಕ್ಕೆ ಕಾರಣವೆಂದು ಕಂಡುಕೊಂಡ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ರೋಗದ ಮೂಲ ಒಂದು ಸೂಕ್ಷ್ಮ ಶಿಲೀಂಧ್ರವೆಂದು 1910ರಲ್ಲಿ ಪ್ರಕಟಿಸಿದರು. ಇದು ನಿಜವಾದರೆ ಶಿಲೀಂಧ್ರವನ್ನು ತಡೆದಾಗ ರೋಗವೂ ನಿಲ್ಲಬೇಕು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟಗಳು ಆ ಮಾತಿಗೆ ಸಾಕ್ಷಿ ನುಡಿದವು.

ಕಾಣುವುದು, ಊಹಿಸುವುದು, ಊಹೆಯನ್ನು ಪರೀಕ್ಷೆಗೆ ಒಡ್ಡುವುದು: ಇದೇ ವಿಜ್ಞಾನದ ಹಾದಿ. ಹೊಸ ಸಿದ್ಧಾಂತ ಹಿರಿಯರ ಅನುಭವವನ್ನು ಅಳಿಸಲಿಲ್ಲ. ಆ ಸೂಕ್ಷ್ಮಜೀವಿ ಹಬ್ಬಲು ಮಳೆಯ ತೇವವೇ ಬೇಕು. ಕೋಲ್ಮನ್ನರ ಮಾತೂ ಕೊನೆಯದಾಗಲಿಲ್ಲ; ಇಂದಿನ ವಿಜ್ಞಾನಿಗಳು ಆ ಜೀವಿಯನ್ನು ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿದ್ದಾರೆ. ಔಷಧ ಮಾತ್ರ ಇಂದಿಗೂ ತೋಟವನ್ನು ಕಾಯುತ್ತಿದೆ.

ಜಿನಾಗಮವು ಒಂದೊಂದು ದೃಷ್ಟಿಯನ್ನು ನಯವೆನ್ನುತ್ತದೆ. ‘ಸ್ಯಾತ್’ ಎಂದರೆ ಅನುಮಾನವಲ್ಲ, ‘ಈ ಅಪೇಕ್ಷೆಯಿಂದ ಹೀಗೆ’ ಎಂಬ ನಿಶ್ಚಿತ ನುಡಿ. ಮಿಥ್ಯಾತ್ವದ ಐದು ಭೇದಗಳಲ್ಲಿ ಏಕಾಂತವೂ ಇದೆ, ಸಂಶಯವೂ ಇದೆ. ತನ್ನದೇ ಪೂರ್ಣಸತ್ಯವೆಂಬ ಹಠ ಒಂದು ಕೊಳೆ; ಯಾವುದನ್ನೂ ನಂಬಲಾರದ ತೊಳಲಾಟ ಇನ್ನೊಂದು. ಮನೆಯ ಮಾತುಕತೆಯಲ್ಲೂ ಎದುರಿನವರ ನಯಕ್ಕೆ ಎಡೆಗೊಟ್ಟು, ತನ್ನ ಮಾತನ್ನು ಪರೀಕ್ಷೆಗೆ ಒಡ್ಡುವವನೇ ಸಮ್ಯಗ್ಜ್ಞಾನದ ದಾರಿಯಲ್ಲಿರುವ ಶ್ರಾವಕ.