ಗಜಕರ್ಣವೆಂದು ಉಜ್ಜುತ್ತಿದ್ದೀರಾ? ತುಸು ನಿಲ್ಲಿ!



ಮಂಗಳೂರಿನ ಬೆವರಿಗೆ ಗಜಕರ್ಣ ಹೊಸದಲ್ಲ. ಸೊಂಟದ ಬಳಿ ಮಚ್ಚೆಯೊಂದು ಕಂಡರೆ ನೀವು ಮಾಡುವುದೇನು? ಹಂಪನಕಟ್ಟೆಯಲ್ಲಿ ಬಸ್ಸಿಳಿದು, ಎದುರು ಸಿಕ್ಕ ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬು ಕೊಂಡು ಉಜ್ಜುತ್ತೀರಿ. ಹೆಚ್ಚಿನ ಸಲ ಅದು ಗಜಕರ್ಣವೇ, ಇಲ್ಲವೇ ಇಸುಬು. ಆದರೆ ತಿಂಗಳುಗಟ್ಟಲೆ ಉಜ್ಜಿದರೂ ಜಗ್ಗದ ಮಚ್ಚೆ? ಅದು ಚರ್ಮದ ಲಿಂಫೋಮಾ ಎಂಬ ಕ್ಯಾನ್ಸರ್ ಆಗಿರಲೂಬಹುದು. ಅಪರೂಪದ್ದು, ನಿಜ. ಆದರೆ ಬಂದವನ ಪಾಲಿಗೆ ಅದು ನೂರಕ್ಕೆ ನೂರು!

ಈ ಕಾಯಿಲೆಯ ಹೆಸರೇ ಒಂದು ಮೋಸ. 1806ರಲ್ಲಿ ಪ್ಯಾರಿಸ್ಸಿನ ವೈದ್ಯ ಅಲಿಬೇರ್ ಇದನ್ನು ಮೊದಲು ವಿವರಿಸಿದ. ರೋಗಿಯ ಮೈಮೇಲಿನ ಗಡ್ಡೆಗಳು ಅಣಬೆಯಂತೆ ಕಂಡವು. ಅದರಿಂದಲೇ ‘ಮೈಕೋಸಿಸ್ ಫಂಗಾಯ್ಡಿಸ್’ ಎಂಬ ಹೆಸರು ಅಂಟಿತು. ಇದರಲ್ಲಿ ಅಣಬೆಯೂ ಇಲ್ಲ, ಫಂಗಸ್ಸೂ ಇಲ್ಲ! ಕೆಡುವುದು ನಮ್ಮನ್ನು ಸೋಂಕಿನಿಂದ ಕಾಯಬೇಕಾದ ಟಿ-ಕಣ ಎಂಬ ಬಿಳಿ ರಕ್ತಕಣ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ! ಇಂಗ್ಲಿಷ್ ಚೀಟಿಯಲ್ಲಿ ಈ ಹೆಸರು ಓದಿದ ರೋಗಿ ‘ಫಂಗಸ್ ಅಂತೆ’ ಎಂದು ನೆಮ್ಮದಿಯಾಗಿ ಮನೆಗೆ ಹೋದರೆ ತಪ್ಪು ಯಾರದು? ಕನ್ನಡದಲ್ಲೋ ತುಳುವಿನಲ್ಲೋ ಒಂದೇ ಒಂದು ವಾಕ್ಯ ಹೇಳಲು ವೈದ್ಯರಿಗೆ ಎಷ್ಟು ಹೊತ್ತು ಬೇಕು?

ಇನ್ನೊಂದು ಮಾತು. ನಮ್ಮ ಕಂದು ಮೈಯಲ್ಲಿ ಇದು ಎಷ್ಟೋ ಸಲ ಕೆಂಪಾಗಿ ಅಲ್ಲ, ಬಿಳಿಚಿದ ಮಚ್ಚೆಯಾಗಿ ಬರುತ್ತದೆ. ಅದೂ ಹರೆಯದವರಲ್ಲಿ, ಬಟ್ಟೆ ಮುಚ್ಚುವ ಜಾಗದಲ್ಲಿ. ತೊನ್ನೋ ಕುಷ್ಠವೋ ಎಂಬ ಹೆದರಿಕೆ ಶುರುವಾಗುತ್ತದೆ. 1890ರಲ್ಲೇ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ನೆಲೆ ಕಟ್ಟಿಕೊಟ್ಟ ಊರು ನಮ್ಮದು. ಇಲ್ಲಿಯೂ ಮಚ್ಚೆ ಮುಚ್ಚಿಡುವ ನಾಚಿಕೆ ಇನ್ನೂ ಏಕೆ?

‘ಒಂದು ರಕ್ತಪರೀಕ್ಷೆಯಲ್ಲಿ ಹಿಡಿಯಲಾಗದೇ?’ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿಜ್ಞಾನಿಗಳೂ ಅಂಥ ಗುರುತು ಪ್ರೋಟೀನುಗಳನ್ನೇ ಹುಡುಕುತ್ತಿದ್ದಾರೆ. ಟಾರ್ಕ್ ಎಂಬುದೊಂದಿದೆ. ಟಿ-ಕಣಗಳನ್ನು ಚರ್ಮಕ್ಕೆ ಕರೆಯುವುದು ಅದರ ಕೆಲಸ. ರೋಗ ಹಬ್ಬಿದಂತೆ ರಕ್ತದಲ್ಲಿ ಏರುತ್ತದೆ. ಆದರೆ ಜಪಾನಿನಲ್ಲಿ ಇದೇ ಟಾರ್ಕನ್ನು ಅಲರ್ಜಿ ಇಸುಬಿನ ತೀವ್ರತೆ ಅಳೆಯಲು ಬಳಸುತ್ತಾರೆ! ಅಂದಮೇಲೆ ಇದೊಂದನ್ನೇ ನೋಡಿ ಇಸುಬೋ ಕ್ಯಾನ್ಸರೋ ಎನ್ನುವುದು ಹೇಗೆ? ಟಿ-ಕಣಗಳು ಕಳಚಿ ರಕ್ತಕ್ಕೆ ಬಿಡುವ ಇಂಟರ್‌ಲ್ಯೂಕಿನ್-2 ಗ್ರಾಹಕದ ತುಣುಕು ಇನ್ನೊಂದು ಗುರುತು. ಎಲ್‌ಡಿಎಚ್ ಮತ್ತೊಂದು, ಯಾವ ಲ್ಯಾಬಿನಲ್ಲೂ ಆಗುತ್ತದೆ, ಆದರೆ ಲಿವರ್ ಕೆಟ್ಟರೂ ಏರುತ್ತದೆ. ರೋಗ ಎಷ್ಟು ಮುಂದುವರಿದಿದೆ, ಮದ್ದಿಗೆ ಬಗ್ಗುತ್ತಿದೆಯೇ ಎಂದು ತಿಳಿಯಲು ಇವು ಉಪಯೋಗ. ಮೊದಲ ಹಂತದಲ್ಲಿ ಹೆಚ್ಚಾಗಿ ಎಲ್ಲವೂ ನಾರ್ಮಲ್! ರಕ್ತ ಚೆನ್ನಾಗಿದೆ ಎಂದು ಮಚ್ಚೆಯನ್ನು ಮರೆತರೆ ಕೆಟ್ಟಿರಿ.

ಗುಟ್ಟು ಬಿಡಿಸುವುದು ಬಯಾಪ್ಸಿ. ಚರ್ಮದ ಚಿಕ್ಕ ಚೂರು ತೆಗೆದು, ಟಿ-ಕಣಗಳ ಮೇಲಿನ ಸಿಡಿ-4, ಸಿಡಿ-8, ಸಿಡಿ-7 ಎಂಬ ಪ್ರೋಟೀನುಗಳಿಗೆ ಬಣ್ಣ ಹಿಡಿಸಿ ನೋಡುತ್ತಾರೆ. ಮೊದಲ ಚೂರಿನಲ್ಲಿ ಸಿಗದಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ. ಸ್ಟೀರಾಯ್ಡ್ ಮುಲಾಮು ಉಜ್ಜಿದ್ದರೆ ಕಳ್ಳ ಇನ್ನಷ್ಟು ಅಡಗುತ್ತಾನೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿತು. ನಿಮ್ಮ ಬೀದಿಯ ಅಂಗಡಿ ಚೀಟಿ ಕೇಳುತ್ತದೆಯೇ? ನಿಮಗೇ ಗೊತ್ತು!

ಬೇಗ ಹಿಡಿದರೆ ಲಾಭವೇನು? ಕೇಳಿ. ಬೆರಳು ಸೇರಿ ನಿಮ್ಮ ಅಂಗೈ ಮೈಯ ನೂರರಲ್ಲಿ ಸುಮಾರು ಒಂದು ಭಾಗ. ಮಚ್ಚೆ ಹತ್ತು ಅಂಗೈಗಿಂತ ಕಡಿಮೆಯಿದ್ದು, ಬೇರೆಲ್ಲೂ ಹಬ್ಬದಿದ್ದರೆ ಅದು ಮೊದಲ ಹಂತದ ಮೊದಲ ಮೆಟ್ಟಿಲು. ಅಲ್ಲಿ ಸಿಕ್ಕವರ ಆಯಸ್ಸು ಉಳಿದವರಷ್ಟೇ! ಮುಲಾಮು, ಬೆಳಕಿನ ಚಿಕಿತ್ಸೆ ಬಹುಪಾಲು ಸಾಕು. ಗಡ್ಡೆ ಎದ್ದ ಮೇಲೆ, ರಕ್ತಕ್ಕೋ ಒಳ ಅಂಗಕ್ಕೋ ಇಳಿದ ಮೇಲೆ ಕಥೆಯೇ ಬೇರೆ.

ಮಂಗಳೂರು ಮತ್ತು ಸುತ್ತಮುತ್ತ ಅರ್ಧ ಡಜನ್‌ಗೂ ಮೀರಿ ಮೆಡಿಕಲ್ ಕಾಲೇಜುಗಳಿವೆ. ಗುರುತು ಪ್ರೋಟೀನುಗಳ ಅಧ್ಯಯನ ಹೆಚ್ಚಾಗಿ ನಡೆದಿರುವುದು ಜಪಾನ್, ಯುರೋಪ್, ಅಮೆರಿಕದಲ್ಲಿ. ಅಲ್ಲಿನ ಅಳತೆಗೋಲು ನಮ್ಮ ಬಿಳಿಚು ಮಚ್ಚೆಗೆ ಸರಿಹೊಂದುತ್ತದೆಯೇ? ಅಳೆದು ನೋಡಬೇಕಾದವರು ಇಲ್ಲಿಯವರೇ. ಕಾಲೇಜುಗಳು ಕೂಡಿ, ರೋಗಿಯ ಒಪ್ಪಿಗೆ ಪಡೆದು, ಮಾದರಿಗಳನ್ನು ಕಾಪಿಟ್ಟು ಅಧ್ಯಯನ ಮಾಡಲಿ. ಬಯಾಪ್ಸಿಯ ಬಣ್ಣದ ಪರೀಕ್ಷೆಗಳು ವೆನ್ಲಾಕ್‌ಗೆ ಬರುವ ಬಡವನಿಗೂ ದುಡ್ಡಿಲ್ಲದೆ ಸಿಗಲಿ. ಇದು ಭಿಕ್ಷೆಯಲ್ಲ, ಹಕ್ಕು!

ನಿಮ್ಮ ಪಾಲಿನ ಕೆಲಸವೂ ಇದೆ. ಎರಡು ಮೂರು ತಿಂಗಳಾದರೂ ಹೋಗದ ಮಚ್ಚೆಯಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಉಜ್ಜಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ. ಬಾಯಿಬಿಟ್ಟು ಕೇಳಿ: “ಡಾಕ್ಟ್ರೇ, ಇದಕ್ಕೆ ಬಯಾಪ್ಸಿ ಬೇಕೇ?”