ಖಾನಾಪುರದ ಭತ್ತ: ಮುಸುಕಿನೊಳಗಿನ ಬೆಂಕಿ

ಕಂದಾಯ ಸೇವೆಯಲ್ಲಿದ್ದ ದಿನಗಳಲ್ಲೊಮ್ಮೆ ಬೆಳೆಹಾನಿಯ ಪರಿಶೀಲನೆಗೆಂದು ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಕಡೆ ಹೋಗಿದ್ದೆ. ರಸ್ತೆಯಿಂದ ನೋಡಿದರೆ ಗದ್ದೆ ಕೊಯ್ಲಿಗೆ ಬಂದಂತೆಯೇ ಇತ್ತು. ಹಾನಿ ಎಲ್ಲಿದೆ ಎಂದು ಕೇಳಿದೆ. ಹಿರಿಯ ರೈತರೊಬ್ಬರು ಮಾತಾಡದೆ ಒಂದು ತೆನೆ ಕಿತ್ತು ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ತೂಕವೇ ಇರಲಿಲ್ಲ, ಬರೀ ಜೊಳ್ಳು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದಿತ್ತು. ‘ಬೆಂಕಿ ಬಿದ್ದೈತ್ರಿ ಸಾಹೇಬ್ರ’ ಎಂದರು. ಬದುವಿನಾಚೆಯ ಗದ್ದೆಯಲ್ಲಿ ಕಾಳು ತುಂಬಿದ ತೆನೆಗಳು ಬಾಗಿ ತೂಗುತ್ತಿದ್ದವು.

ಬೆಂಕಿರೋಗಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಮ್ಯಾಗ್ನಪೋರ್ತೆ ಒರೈಝೆ. ನಿವೃತ್ತಿಯ ನಂತರ ಅದರ ಬಗ್ಗೆ ಓದುತ್ತ ಹೋದಂತೆ, ನಮ್ಮ ಕೃಷಿನೀತಿ ಎಷ್ಟು ಕುರುಡಾಗಿದೆ ಎಂಬುದು ಅರಿವಾಯಿತು. ಮೋಡ, ಮಂಜು, ತಂಪು ರಾತ್ರಿ, ಒದ್ದೆ ಎಲೆ ಇದ್ದರೆ ಗಾಳಿಯಲ್ಲಿ ಬಂದ ಬೀಜಕಣ ಎಲೆಗೆ ಅಂಟಿಕೊಂಡು ಮೊಳೆಯುತ್ತದೆ. ಅದರ ತುದಿಯಲ್ಲಿ ಗುಮ್ಮಟದಂಥ ಒಂದು ಅಂಗ ಬೆಳೆಯುತ್ತದೆ. ಗೋಡೆಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಲೇಪವಾದ ಮೇಲೆ ಆ ಗುಮ್ಮಟದೊಳಗೆ ಸುಮಾರು 80 ವಾಯುಭಾರದಷ್ಟು ಒತ್ತಡ ಸಂಗ್ರಹವಾಗುತ್ತದೆ. ಕಾರಿನ ಚಕ್ರದಲ್ಲಿರುವುದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು! ಆ ಬಲದಿಂದಲೇ ಅದು ಎಲೆಯನ್ನು ಸೀಳಿ ಒಳನುಗ್ಗುತ್ತದೆ.

ಭತ್ತವೇನೂ ಅಸಹಾಯಕವಲ್ಲ. ಶಿಲೀಂಧ್ರದ ಕೋಶಭಿತ್ತಿಯಲ್ಲಿರುವ ಕೈಟಿನ್ನಿನ ಚೂರುಗಳನ್ನು ಗುರುತಿಸುವ ಕಾವಲು ಪ್ರೋಟೀನುಗಳೂ ಕೈಟಿನ್ನನ್ನು ಕತ್ತರಿಸುವ ಕಿಣ್ವಗಳೂ ಅದರಲ್ಲಿವೆ. ಆದರೆ ಒಳಹೊಕ್ಕ ಶಿಲೀಂಧ್ರ ತನ್ನ ಮೈಮೇಲೆ ಆಲ್ಫಾ-1,3-ಗ್ಲುಕಾನ್ ಎಂಬ ಇನ್ನೊಂದು ಸಕ್ಕರೆ ಸರಪಳಿಯ ಮುಸುಕು ಹೊದೆಯುತ್ತದೆ. ಅದನ್ನು ಕರಗಿಸುವ ಕಿಣ್ವ ಭತ್ತದಲ್ಲಿಲ್ಲ. 2012ರಲ್ಲಿ ಜಪಾನಿನ ವಿಜ್ಞಾನಿಗಳು ಆ ಕಿಣ್ವದ ಜೀನನ್ನು ಬ್ಯಾಕ್ಟೀರಿಯಾದಿಂದ ಭತ್ತಕ್ಕೆ ಸೇರಿಸಿದಾಗ, ಸಸ್ಯ ತಾನಾಗಿಯೇ ರೋಗವನ್ನು ತಡೆಯಿತು. ಶಕ್ತಿ ಇತ್ತು, ಶತ್ರು ಕಾಣುತ್ತಿರಲಿಲ್ಲ.

ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಶಿಲೀಂಧ್ರ ಒಳಗೆ ದಿನಗಳನ್ನೇ ಕಳೆದಿರುತ್ತದೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಟ್ರೈಸೈಕ್ಲಜೋಲ್ ಮೆಲನಿನ್ ತಯಾರಿಯನ್ನು ತಡೆಯುವ ಔಷಧ. ಎಂದರೆ ಶಿಲೀಂಧ್ರ ಒಳನುಗ್ಗುವ ಮುನ್ನ ಕೆಲಸ ಮಾಡುವಂಥದು. ರೋಗ ಕಂಡ ಮೇಲೆ ಅಂಗಡಿಗೆ ಓಡುವ ಸಣ್ಣ ರೈತ ಬಹುಪಾಲು ತಡವಾಗಿಯೇ ಹಣ ತೆರುತ್ತಾನೆ.

ಐರೋಪ್ಯ ಒಕ್ಕೂಟವು 2018ರ ಆರಂಭದಿಂದ ಅಕ್ಕಿಯಲ್ಲಿ ಈ ಔಷಧದ ಶೇಷದ ಮಿತಿಯನ್ನು ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿತು. ಬಾಸ್ಮತಿ ರಫ್ತಿಗೆ ಪೆಟ್ಟು ಬಿತ್ತು. 2021ರಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಬೆಂಕಿರೋಗ ನಿರೋಧಕ ಜೀನುಗಳಿರುವ ಪೂಸಾ ಬಾಸ್ಮತಿ 1847, 1885 ಮತ್ತು 1886 ತಳಿಗಳನ್ನು ಕೊಟ್ಟಿತು. ಈ ಜೀನುಗಳು ಮುಸುಕನ್ನು ತೆಗೆಯುವುದಿಲ್ಲ. ಶಿಲೀಂಧ್ರ ಸಸ್ಯದ ಜೀವಕೋಶದೊಳಕ್ಕೆ ಕಳುಹಿಸುವ ಬೇರೆ ಪ್ರೋಟೀನುಗಳನ್ನು ಹಿಡಿಯುತ್ತವೆ. ಶ್ಲಾಘನೀಯ ಕೆಲಸ. ಖಾನಾಪುರದ ಇಂಟಾನ್, ಅಭಿಲಾಷ್ ತಳಿಗಳಿಗೂ ಇಷ್ಟೇ ಆಸ್ಥೆ ಸಲ್ಲಬೇಡವೇ? ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮುಗದದ ಭತ್ತ ಸಂಶೋಧನಾ ಕೇಂದ್ರ ದೂರವೇನಲ್ಲ.

ಇನ್ನು ಯೂರಿಯಾದ ಮಾತು. ಸಾರಜನಕ ಹೆಚ್ಚಾದಷ್ಟೂ ಬೆಂಕಿರೋಗ ಹೆಚ್ಚು ಎಂಬುದು ಕೃಷಿ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಪಾಠ. ಆದರೂ 45 ಕಿಲೋ ಚೀಲಕ್ಕೆ ತೆರಿಗೆ, ಬೇವಿನ ಲೇಪನದ ವೆಚ್ಚ ಬಿಟ್ಟು 242 ರೂಪಾಯಿಯಂತೆ ಅದನ್ನು ಕೊಡುತ್ತಿರುವುದು ಸರ್ಕಾರವೇ. ರೋಗಕ್ಕೂ ಸಬ್ಸಿಡಿ ಎಂದರೆ ತಪ್ಪಾಗಲಾರದು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಕ್ಕಿ ಕೊಳ್ಳುವ ನನ್ನಂಥವರಿಗೆ ಇದಾವುದರ ಬಿಸಿಯೂ ತಟ್ಟುವುದಿಲ್ಲ. ಖಾನಾಪುರದಲ್ಲಿ ಬೆಳೆ ಕೆಟ್ಟರೆ ತುಂಗಭದ್ರಾ ಅಚ್ಚುಕಟ್ಟಿನ ಅಕ್ಕಿ ಬರುತ್ತದೆ, ದರ ಏರುವುದಿಲ್ಲ. ಹೀಗಾಗಿ ಪೂರ್ತಿ ನಷ್ಟ ಬೆಳೆದವನದೇ.

ಅದನ್ನು ತುಂಬಿಕೊಡಬೇಕಾದ ಫಸಲ್ ಬಿಮಾ ಯೋಜನೆ 2016ರಿಂದ ಜಾರಿಯಲ್ಲಿದೆ. ರೋಗವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಪರಿಹಾರಕ್ಕೆ ಆಧಾರ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿ. ಒಂದೊಂದೇ ಹೊಲವನ್ನು ಅಳೆಯುವುದು ಆಲಿಕಲ್ಲು, ಭೂಕುಸಿತ, ಜಲಾವೃತದಂಥ ಸ್ಥಳೀಯ ಆಪತ್ತುಗಳಿಗೆ ಮತ್ತು ಕೊಯ್ಲಿನ ನಂತರದ ನಷ್ಟಕ್ಕೆ. ಜಾಂಬೋಟಿಯ ಆ ಗದ್ದೆಯಂತೆ ಒಂದು ಸುಟ್ಟು ಪಕ್ಕದ್ದು ಉಳಿದರೆ, ಸರಾಸರಿ ಚೆನ್ನಾಗಿಯೇ ಇರುತ್ತದೆ. ಕೃಷಿ ಅಧಿಕಾರಿಯ ದೃಢೀಕರಣದ ಮೇಲೆ ಕುತ್ತಿಗೆ ಬೆಂಕಿರೋಗವನ್ನೂ ಸ್ಥಳೀಯ ಆಪತ್ತುಗಳ ಪಟ್ಟಿಗೆ ಸೇರಿಸುವಂತೆ ರಾಜ್ಯವು ಕೇಂದ್ರವನ್ನು ಒತ್ತಾಯಿಸಬೇಕು. ತಪಾಸಣೆ ಕೊಯ್ಲಿಗೆ ಮೊದಲೇ ಆಗಬೇಕು. ಹಲಗಾದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಖಾನಾಪುರದ ಕಣಗಳಲ್ಲಿ ಜೊಳ್ಳೆಲ್ಲ ಗಾಳಿಗೆ ತೂರಿ ಹೋಗಿರುತ್ತದೆ.